ಮ್ಯಾಕಿಂಟೋಷ್ ಶುರು ಮಾಡಿದ್ದು ಸ್ಟೀವ್ ಜಾಬ್ಸ್ ಅಲ್ಲ! ‘ಅನ್‌ಡು’ ಪರವಾಗಿ ವಾದಿಸಿದ ಜೆಫ್ ರಾಸ್ಕಿನ್ ಯಾರು?

ಮ್ಯಾಕಿಂಟೋಷ್ ಕಂಪ್ಯೂಟರ್ ಸ್ಟೀವ್ ಜಾಬ್ಸ್ ಅವರ ಕಲ್ಪನೆಯ ಕೂಸು ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. 1979ರಲ್ಲಿ ಆಪಲ್ ಕಂಪನಿಯಲ್ಲಿ ಆ ಯೋಜನೆ ಆರಂಭಿಸಿ, ತಮ್ಮ ಇಷ್ಟದ ಸೇಬಿನ ತಳಿಯ ಹೆಸರನ್ನೇ ಅದಕ್ಕೆ ಕೊಟ್ಟವರು ಜೆಫ್ ರಾಸ್ಕಿನ್. ಜಾಬ್ಸ್ ಅದನ್ನು ಕೈಗೆತ್ತಿಕೊಂಡದ್ದು 1981ರಲ್ಲಿ. ಇಬ್ಬರಿಗೂ ಹೊಂದಾಣಿಕೆಯಾಗಲಿಲ್ಲ, ಮರುವರ್ಷ ರಾಸ್ಕಿನ್ ಕಂಪನಿ ಬಿಟ್ಟರು.

1943ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ರಾಸ್ಕಿನ್ ಕಂಪ್ಯೂಟರ್ ವಿಜ್ಞಾನ ಓದಿದವರು, ಸಂಗೀತಗಾರರೂ ಹೌದು. ಆಪಲ್‌ಗೆ ಅವರು ಮೊದಲು ಮಾಡಿದ ಕೆಲಸ ಬಳಕೆದಾರರ ಕೈಪಿಡಿ ಬರೆಯುವುದು. ಜನ ಎಲ್ಲಿ ಎಡವುತ್ತಾರೆ ಎಂಬುದು ಕೈಪಿಡಿ ಬರೆಯುವವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಫೈಲ್ ಡಿಲೀಟ್ ಮಾಡುವಾಗ ಕಂಪ್ಯೂಟರ್ ‘ಖಂಡಿತಾ ಅಳಿಸಬೇಕೇ?’ ಎಂದು ಕೇಳುತ್ತದಲ್ಲ, ಅದರಿಂದ ಪ್ರಯೋಜನವಿಲ್ಲ ಎಂಬುದು ಅವರ ವಾದ. ಮೊದಲ ಸಲ ನಾವು ಓದುತ್ತೇವೆ. ಹತ್ತನೇ ಸಲಕ್ಕೆ ಬೆರಳು ತಾನಾಗಿಯೇ ‘ಓಕೆ’ ಒತ್ತಿರುತ್ತದೆ. ಡಿಲೀಟ್ ಮತ್ತು ಓಕೆ ಸೇರಿ ಒಂದೇ ಅಭ್ಯಾಸವಾಗಿಬಿಡುತ್ತದೆ. ಪ್ರಶ್ನೆಯನ್ನು ಕಷ್ಟ ಮಾಡಿದರೂ ಅಷ್ಟೇ: ಗಮನವೆಲ್ಲ ಆ ಒಗಟಿನ ಕಡೆ ಹೋಗಿ, ಅಳಿಸುತ್ತಿರುವುದು ಏನು ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ಕೇಳದೆ ಹೇಳಿದ ಕೆಲಸ ಮಾಡಿ, ಹಳೆಯ ಸ್ಥಿತಿಯನ್ನು ಜೋಪಾನವಾಗಿ ಇಟ್ಟುಕೊಂಡು, ಬೇಕೆಂದಾಗ ವಾಪಸ್ ಕೊಡುವುದೇ ಸರಿ ಎಂದರು. ಅಸಿಮೋವ್ ಕಥೆಗಳ ರೋಬಾಟ್‌ಗಳು ಮನುಷ್ಯನಿಗೆ ಹಾನಿ ಮಾಡಬಾರದಲ್ಲವೇ? ಅದೇ ನಿಯಮವನ್ನು ಅವರು 2000ದಲ್ಲಿ ಬಂದ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಪುಸ್ತಕದಲ್ಲಿ ಕಂಪ್ಯೂಟರಿಗೆ ಅನ್ವಯಿಸಿದರು. ಕಾಪಾಡಬೇಕಾದ್ದು ಬಳಕೆದಾರನ ಕೆಲಸವನ್ನು.

ಹಾಗಂತ ‘ಅನ್‌ಡು ಕಂಡುಹಿಡಿದ ವ್ಯಕ್ತಿ’ ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ‘ಫ್ರೆಸ್’ ಎಂಬ ವ್ಯವಸ್ಥೆಯಲ್ಲಿ 1960ರ ದಶಕದ ಕೊನೆಯಲ್ಲೇ ಆ ಸೌಲಭ್ಯವಿತ್ತು. ರಾಸ್ಕಿನ್ ವಿನ್ಯಾಸ ಮಾಡಿದ, 1987ರ ‘ಕ್ಯಾನನ್ ಕ್ಯಾಟ್’ ಯಂತ್ರದ ಕೀಬೋರ್ಡಿನಲ್ಲಿ ಅನ್‌ಡುಗೆಂದೇ ಒಂದು ಕೀ ಇತ್ತು. ಒಳ್ಳೆಯ ಯಂತ್ರ, ಆದರೆ ಮಾರುಕಟ್ಟೆಯಲ್ಲಿ ಬೇಗನೆ ಕಣ್ಮರೆಯಾಯಿತು.

2005ರ ಫೆಬ್ರವರಿ 26ರಂದು, 61ನೇ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಎರಡು ವರ್ಷಗಳ ನಂತರ ಅವರ ಮಗ ಏಜಾ ರಾಸ್ಕಿನ್, ಎಚ್ಚರಿಕೆಯ ಬದಲು ಅನ್‌ಡು ಕೊಡಿ ಎಂದು ವಿನ್ಯಾಸಕಾರರಿಗೆ ಲೇಖನ ಬರೆದರು. ಇಂದು ವಾಟ್ಸ್‌ಆ್ಯಪ್‌ನಲ್ಲಿ ‘ಡಿಲೀಟ್ ಫಾರ್ ಎವರಿಒನ್’ ಬದಲು ‘ಡಿಲೀಟ್ ಫಾರ್ ಮಿ’ ಒತ್ತಿಬಿಟ್ಟರೆ ಕೆಳಗೆ ಕೆಲವೇ ಸೆಕೆಂಡು ಅನ್‌ಡು ಕಾಣಿಸುತ್ತದೆ.