ಹೆರುವ ಸ್ತ್ರೀಯರ ಮೇಲೆ ಕನಿಕರಪಟ್ಟ ಸಿಂಪ್ಸನ್ ವೈದ್ಯರು

ಹೆರಿಗೆಯ ಬೇನೆಯು ಎರಡು ಮೂರು ದಿನವಾದರೂ ತೀರದಿರುವಾಗ, ಇದು ದೇವರು ಹವ್ವಳಿಗೆ ವಿಧಿಸಿದ ದಂಡನೆ, ಸಹಿಸಿಕೊಳ್ಳಬೇಕೇ ಹೊರತು ಮನುಷ್ಯರು ಇದರಲ್ಲಿ ಕೈಹಾಕಬಾರದು ಎನ್ನುವವರು ನಮ್ಮ ಸಭೆಗಳಲ್ಲಿಯೂ ಇಲ್ಲದೆ ಇಲ್ಲ. ಇದೇ ಮಾತು ಹಿಂದಿನ ಶತಮಾನಗಳಲ್ಲಿ ಸ್ಕಾಟ್ಲಂಡಿನ ಕ್ರೈಸ್ತರ ಬಾಯಲ್ಲಿಯೂ ಇತ್ತು. ಸತ್ಯವೇದವನ್ನೇ ಕೈಯಲ್ಲಿ ಹಿಡಿದು ಅದಕ್ಕೆ ಉತ್ತರಕೊಟ್ಟ ವೈದ್ಯರೊಬ್ಬರ ಚರಿತ್ರೆಯನ್ನು ಪ್ರಿಯ ವಾಚಕರ ಮುಂದಿಡುತ್ತೇವೆ.

ಜೇಮ್ಸ್ ಯಂಗ್ ಸಿಂಪ್ಸನನು 1811ನೆಯ ಇಸವಿ ಜೂನ್ 7ನೆಯ ತಾರೀಖಿನಲ್ಲಿ ಬಾತ್‌ಗೇಟ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದನು. ತಂದೆಯು ರೊಟ್ಟಿ ಸುಟ್ಟು ಮಾರಿ ಜೀವಿಸುವವನು. ಈ ಏಳನೆಯ ಮಗನು ಹುಟ್ಟುವ ವೇಳೆಗೆ ಅಂಗಡಿಯು ಬಹಳ ಇಳಿದುಹೋಗಿತ್ತು. ತಾಯಿಯೇ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡು ಮನೆಯನ್ನು ಎತ್ತಿ ನಿಲ್ಲಿಸಿದಳು. ಮಗನಿಗೆ ಒಂಬತ್ತು ವರುಷವಾಗಿದ್ದಾಗ ಆಕೆ ತೀರಿಹೋದಳು. ಅಣ್ಣಂದಿರು ತಮ್ಮ ದುಡಿಮೆಯಲ್ಲಿ ಪಾಲು ತೆಗೆದು ತಮ್ಮನನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು.

ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯೆಂದರೆ ರೋಗಿಗೆ ಎಚ್ಚರವಿರುವಾಗಲೇ ಕೊಯ್ಯುವುದು. ಬಡ ಹೆಂಗಸೊಬ್ಬಳ ಎದೆಯನ್ನು ಹೀಗೆ ಕೊಯ್ಯುವುದನ್ನು ಕಂಡ ಸಿಂಪ್ಸನನು ಮನಸ್ಸು ಕೆಟ್ಟು, ವೈದ್ಯವಿದ್ಯೆಯನ್ನೇ ಬಿಟ್ಟು ಗುಮಾಸ್ತನಾಗುತ್ತೇನೆಂದು ನ್ಯಾಯಸ್ಥಾನದ ಕಡೆಗೆ ಹೊರಟನಂತೆ. ಆದರೆ ಈ ನೋವನ್ನು ನೀಗುವ ಉಪಾಯವೇನೆಂಬ ಯೋಚನೆಯು ಅವನನ್ನು ಹಿಂದಕ್ಕೆ ತಿರುಗಿಸಿತು. 1832ರಲ್ಲಿ ವೈದ್ಯ ಪದವಿಯಾಯಿತು. 1840ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಒಂದೇ ಮತದ ಹೆಚ್ಚಳದಿಂದ ಪ್ರಸೂತಿಶಾಸ್ತ್ರದ ಅಧ್ಯಾಪಕರಾಗಿ ಆರಿಸಲ್ಪಟ್ಟರು.

ಸಿಂಪ್ಸನರು ಬರಿಯ ಕನಿಕರಕ್ಕೆ ತೃಪ್ತರಾಗದೆ ಲೆಕ್ಕವನ್ನೂ ಇಟ್ಟರು. ಡಬ್ಲಿನ್ ಪಟ್ಟಣದ ಹೆರಿಗೆಯ ಆಸ್ಪತ್ರೆಯಲ್ಲಿ 1826ರಿಂದ 1833ರ ವರೆಗೆ ನಡೆದ 16 ಸಾವಿರಕ್ಕೂ ಹೆಚ್ಚು ಹೆರಿಗೆಗಳ ದಾಖಲೆಯನ್ನು ಕಾಲಿನ್ಸ್ ವೈದ್ಯರು ಪ್ರಕಟಿಸಿದ್ದರು. ಅದನ್ನು ಶೋಧಿಸಿ, ಗಂಡುಕೂಸಿನ ತಲೆಯು ಸ್ವಲ್ಪ ದೊಡ್ಡದಾಗಿರುವುದರಿಂದ ಅಂಥ ಹೆರಿಗೆಗಳಲ್ಲಿ ತಾಯಿಗೂ ಕೂಸಿಗೂ ಅಪಾಯವು ಹೆಚ್ಚೆಂದು 1844ರಲ್ಲಿ ಬರೆದರು. ಬೇನೆಯು ಎಷ್ಟೆಷ್ಟು ದೀರ್ಘವಾಗುವುದೋ ಅಷ್ಟಷ್ಟು ತಾಯಂದಿರೂ ಕೂಸುಗಳೂ ಸಾಯುವರೆಂಬುದನ್ನೂ ಅದೇ ಲೆಕ್ಕದಿಂದ ತೋರಿಸಿದರು. ದೀರ್ಘ ಬೇನೆಯನ್ನು ತಾಳ್ಮೆಯ ಪರೀಕ್ಷೆಯೆಂದು ಎಣಿಸುತ್ತಿದ್ದವರಿಗೆ ಈ ಲೆಕ್ಕವು ಕಟುವಾಗಿದ್ದೀತು. ಹಾದಿ ಇಕ್ಕಟ್ಟಾಗಿಯೋ ಕೂಸು ಅಡ್ಡವಾಗಿಯೋ ಹೆರಿಗೆ ತಡೆದರೆ, ಗರ್ಭಕೋಶವು ಹರಿಯುವುದು, ರಕ್ತವು ಅತಿಯಾಗಿ ಹೋಗುವುದು, ನಂಜೇರುವುದು, ಕೂಸು ಉಸಿರಿಲ್ಲದೆ ಹುಟ್ಟುವುದು, ಬದುಕಿದ ತಾಯಿಗೂ ಮೂತ್ರವು ಸದಾ ಸೋರುವ ದುರವಸ್ಥೆ ಬರುವುದು ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಅಮೇರಿಕದಿಂದ ಈಥರ್ ಎಂಬ ಔಷಧದ ಸುದ್ದಿ ಬಂದ ಮೇಲೆ 1847ರ ಜನವರಿಯಲ್ಲಿ, ಸೊಂಟದ ಎಲುಬು ವಕ್ರವಾಗಿದ್ದ ಸ್ತ್ರೀಯೊಬ್ಬಳಿಗೆ ಅದನ್ನು ಕೊಟ್ಟು ಹೆರಿಗೆ ಮಾಡಿಸಿದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಈಥರಿನಲ್ಲಿ ದೋಷಗಳನ್ನು ಕಂಡು ಬೇರೆ ಔಷಧವನ್ನು ಹುಡುಕುತ್ತಾ, ರಾತ್ರಿಯ ಊಟವಾದ ಮೇಲೆ ಇಬ್ಬರು ಸ್ನೇಹಿತ ವೈದ್ಯರೊಡನೆ ಒಂದೊಂದು ದ್ರವವನ್ನು ತಮ್ಮ ಮೂಗಿನಿಂದಲೇ ಪರೀಕ್ಷಿಸುತ್ತಿದ್ದರು. ನವಂಬರ್ 4ನೆಯ ತಾರೀಖಿನ ರಾತ್ರಿ ಕ್ಲೋರೊಫಾರ್ಮನ್ನು ಸೇದಿದ ಮೂವರೂ ಮೇಜಿನ ಕೆಳಗೆ ಬಿದ್ದರು! ಮನೆಯ ಹೆಂಗಸರು ಎಷ್ಟು ಗಾಬರಿಪಟ್ಟಿರಬೇಕು!

ನಾಲ್ಕು ದಿನಗಳ ಮೇಲೆ ವೈದ್ಯರೊಬ್ಬರ ಹೆಂಡತಿಗೆ ಬೇನೆ ಬಂತು. ಆಕೆಯ ಹಿಂದಿನ ಹೆರಿಗೆಯು ಹಳ್ಳಿಯಲ್ಲಿ ಮೂರು ದಿನ ತಡೆದು, ಕಡೆಗೆ ಕೂಸಿನ ತಲೆಯನ್ನು ಒಡೆದು ತೆಗೆಯಬೇಕಾಗಿ ಬಂದಿತ್ತು. ಈ ಸಾರಿ ಬೇನೆ ತೊಡಗಿ ಮೂರೂವರೆ ಗಂಟೆಯಾದಾಗ ಸಿಂಪ್ಸನರು ಕರವಸ್ತ್ರದ ಮೇಲೆ ಕ್ಲೋರೊಫಾರ್ಮನ್ನು ಸುರಿದು ಮೂಗಿನ ಬಳಿ ಹಿಡಿದರು. ಇಪ್ಪತ್ತೈದು ನಿಮಿಷಗಳೊಳಗೆ ಕೂಸು ಹುಟ್ಟಿತು. ನಿದ್ದೆಯಿಂದ ಎಚ್ಚತ್ತ ತಾಯಿಯು, ಬಳಿಗೆ ತಂದ ಜೀವಂತ ಕೂಸು ತನ್ನದೇ ಎಂದು ಬಹಳ ಹೊತ್ತು ನಂಬಲಾರದೆ ಹೋದಳು.

ಆಗ ಆಕ್ಷೇಪಣೆಗಳು ಎದ್ದವು. ಬೋಧಕರೆಲ್ಲರೂ ಒಟ್ಟಾಗಿ ವಿರೋಧಿಸಿದರೆಂಬ ಕಥೆಯು ಪೂರ್ತಿ ನಿಜವಲ್ಲ, ವೈದ್ಯರಲ್ಲಿಯೂ ವಿರೋಧಿಗಳಿದ್ದರು. ಹೇಗಾದರೂ ಆದಿಕಾಂಡದ ಮೂರನೆಯ ಅಧ್ಯಾಯವನ್ನು ಮುಂದಿಟ್ಟವರಿಗೆ ಸಿಂಪ್ಸನರು ಅದೇ ವರುಷದ ಡಿಸೆಂಬರಿನಲ್ಲಿ ಪುಸ್ತಿಕೆಯೊಂದನ್ನು ಬರೆದು ಉತ್ತರಕೊಟ್ಟರು. ಹವ್ವಳ ಬೇನೆಗೆ ಇಬ್ರಿಯ ಭಾಷೆಯಲ್ಲಿರುವ ಪದವು ದುಡಿಮೆಯ ಕಷ್ಟವನ್ನೂ ಸೂಚಿಸುತ್ತದೆಂದು ವಾದಿಸಿದರು. ಆದಾಮನಿಗೂ ಮುಳ್ಳುಗಿಡಗಳ ಮತ್ತು ಬೆವರಿನ ದಂಡನೆ ವಿಧಿಸಲ್ಪಟ್ಟಿತಷ್ಟೆ. ಆದರೂ ಹೊಲದ ಕಳೆ ಕೀಳುವವನನ್ನೂ ನೇಗಿಲಿಗೆ ಎತ್ತು ಹೂಡುವವನನ್ನೂ ಯಾರೂ ಪಾಪಿಯೆನ್ನುವುದಿಲ್ಲ. ದೇವರು ತಾನೇ ಆದಾಮನ ಪಕ್ಕೆಲುಬನ್ನು ತೆಗೆಯುವ ಮೊದಲು ಅವನಿಗೆ ಗಾಢನಿದ್ರೆಯನ್ನು ಬರಮಾಡಿದನೆಂಬುದನ್ನೂ ಅವರು ನೆನಪಿಗೆ ತಂದರು. 1853ರ ಏಪ್ರಿಲಿನಲ್ಲಿ ವಿಕ್ಟೋರಿಯಾ ರಾಣಿಯು ರಾಜಕುಮಾರ ಲಿಯೊಪೋಲ್ಡನನ್ನು ಹೆರುವಾಗ ಸ್ನೋ ವೈದ್ಯರಿಂದ ಈ ಔಷಧವನ್ನು ತೆಗೆದುಕೊಂಡ ಮೇಲೆ ಗದ್ದಲವು ತಗ್ಗಿತು.

ಗುಣಗಳೊಂದಿಗೆ ತಪ್ಪುಗಳನ್ನೂ ಹೇಳಬೇಕು. ಕ್ಲೋರೊಫಾರ್ಮು ಅವರು ನೆನಸಿದಷ್ಟು ನಿರಪಾಯವಾಗಿರಲಿಲ್ಲ. 1848ರ ಜನವರಿಯಲ್ಲಿಯೇ ಕಾಲುಗುರು ತೆಗೆಸಿಕೊಳ್ಳಲು ಬಂದ ಹದಿನೈದು ವರುಷದ ಹುಡುಗಿಯೊಬ್ಬಳು ಇಂಗ್ಲಂಡಿನಲ್ಲಿ ಅದರ ಕೆಳಗೆ ಸತ್ತಳು. ಕಾಲಕ್ರಮದಲ್ಲಿ ವೈದ್ಯರು ಅದನ್ನು ಬಿಟ್ಟುಬಿಟ್ಟರು. ನೋವನ್ನು ಅಡಗಿಸಿದ ಮಾತ್ರಕ್ಕೆ ತಡೆದ ಹೆರಿಗೆ ಬಿಡಿಸಿದಂತಾಗದು. ಅದಕ್ಕೆ ನುರಿತ ಕೈಯೂ ಆಯುಧವೂ ಬೇಕು. ಸಿಂಪ್ಸನರು ತಿದ್ದಿ ರೂಪಿಸಿದ ಇಕ್ಕಳವು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಲಿಸ್ಟರ್ ವೈದ್ಯರ ನಂಜುನಿವಾರಕ ವಿಧಾನವನ್ನು ಅವರು ಹಟದಿಂದ ಎದುರಿಸಿದ್ದು ಮಾತ್ರ ನಮಗೆ ದುಃಖವನ್ನುಂಟುಮಾಡುತ್ತದೆ.

1843ರಲ್ಲಿ ಸ್ವತಂತ್ರ ಸಭೆಯು ಬೇರೆಯಾದಾಗ ಅವರೂ ಅದನ್ನು ಸೇರಿದ್ದರು. ಆದರೂ ಆತನನ್ನೇ ರಕ್ಷಕನೆಂದು ಹೃದಯಪೂರ್ವಕವಾಗಿ ಹಿಡಿದುಕೊಂಡದ್ದು 1861ರ ಸುಮಾರಿನಲ್ಲಿ. ಅಂದಿನಿಂದ ಈ ಖ್ಯಾತ ವೈದ್ಯರು ಕೂಟಗಳಲ್ಲಿ ನಿಂತು ಯೇಸುವಿನ ವಿಷಯವಾಗಿ ಸಾಕ್ಷಿ ಹೇಳುವವರಾದರು. 1866ರಲ್ಲಿ ರಾಣಿಯಿಂದ ಬ್ಯಾರೊನೆಟ್ ಪದವಿ ಬಂತು. ಅದೇ ವರುಷ ಮಗನೊಬ್ಬನೂ ಮಗಳೊಬ್ಬಳೂ ತೀರಿಕೊಂಡರು. ಎಷ್ಟೋ ತಾಯಂದಿರಿಗೆ ಜೀವಂತ ಕೂಸನ್ನು ಎತ್ತಿಕೊಟ್ಟ ಆ ಕೈಗಳು ತಮ್ಮ ಮಕ್ಕಳಲ್ಲಿ ಹಲವರನ್ನು ಮಣ್ಣಿಗೆ ಕೊಡಬೇಕಾಯಿತು.

1870ನೆಯ ಇಸವಿ ಮೇ 6ನೆಯ ತಾರೀಖಿನಲ್ಲಿ ಸಿಂಪ್ಸನರು ಕರ್ತನಲ್ಲಿ ನಿದ್ರೆಹೋದರು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಹೂಳಲು ಸ್ಥಳವನ್ನು ಕೊಡುತ್ತೇವೆಂದು ಹೇಳಿ ಕಳುಹಿಸಿದರೂ ಮನೆಯವರು ಒಪ್ಪದೆ, ಎಡಿನ್‌ಬರೊದ ವಾರಿಸ್ಟನ್ ಸ್ಮಶಾನಭೂಮಿಯಲ್ಲಿ ಅವರ ಮಕ್ಕಳ ಸಮಾಧಿಗಳ ಬಳಿಯಲ್ಲಿಯೇ ಹೂಳಿದರು. ಹೆಂಡತಿಯೂ ಮುಂದಿನ ತಿಂಗಳಿನಲ್ಲಿ ಅವರನ್ನು ಹಿಂಬಾಲಿಸಿದಳು. 1879ರಲ್ಲಿ ಅವರ ಜ್ಞಾಪಕಾರ್ಥವಾಗಿ ಆ ಪಟ್ಟಣದಲ್ಲಿ ಹೆರಿಗೆಯ ಆಸ್ಪತ್ರೆಯೊಂದು ತೆರೆಯಲ್ಪಟ್ಟಿತು; ಈಗಲೂ ಅಲ್ಲಿಯ ದೊಡ್ಡ ಆಸ್ಪತ್ರೆಯ ಪ್ರಸೂತಿ ವಿಭಾಗಕ್ಕೆ ಅವರ ಹೆಸರೇ ಇದೆ.