ಮ. ರಾಮಮೂರ್ತಿ (1918–1967)

ಕನ್ನಡ ಬಾವುಟದ ರೂವಾರಿಯಾದ ಶ್ರೀ ಮ. ರಾಮಮೂರ್ತಿ ಅವರು ತಮ್ಮ ಕಾಲದ ಹೆಸರಾಂತ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು. 1918ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಇವರು ಪತ್ರಕರ್ತ ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಪುತ್ರರು. ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ರಚಿಸಿ ಜನಸಾಮಾನ್ಯರಲ್ಲಿ ಕನ್ನಡ ಓದಿನ ಅಭಿರುಚಿಯನ್ನು ಬೆಳೆಸಿದರು.

1960ರ ದಶಕದಲ್ಲಿ ಅ.ನ.ಕೃ. ಮೊದಲಾದವರೊಂದಿಗೆ ಬೆಂಗಳೂರಿನ ಕನ್ನಡ ಚಳವಳಿಯಲ್ಲಿ ತೊಡಗಿ, ಕನ್ನಡ ಪಕ್ಷವನ್ನು ಕಟ್ಟಿದರು. ಅರಿಶಿನ-ಕುಂಕುಮ ವರ್ಣಗಳ ಬಾವುಟವನ್ನು ರೂಪಿಸಿದ್ದು ಈ ಸಂದರ್ಭದಲ್ಲಿಯೇ.

1967ರ ಡಿಸೆಂಬರ್‌ನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡುವ ವೇಳೆ ಮಣ್ಣು ಕುಸಿದು, ಇಬ್ಬರು ಪುತ್ರರೊಂದಿಗೆ ಅಸುನೀಗಿದರು. ಆಗ ಅವರ ವಯಸ್ಸು 49. ಅವರ ಬಾವುಟಕ್ಕೆ ಅಧಿಕೃತ ಮಾನ್ಯತೆ ದೊರೆಯದಿದ್ದರೂ, ಯಲಹಂಕ, ಹೆಬ್ಬಾಳ, ಯಶವಂತಪುರ ಸೇರಿದಂತೆ ನಾಡಿನಾದ್ಯಂತ ಪ್ರತಿವರ್ಷ ನವೆಂಬರ್ 1ರ ರಾಜ್ಯೋತ್ಸವದಂದು ಜನರೇ ಅದನ್ನು ಹಾರಿಸುತ್ತಾರೆ.