ಕಲ್ಲು ಕಟ್ಟಿದ ಪ್ರಧಾನಿ

ಕೆನಡಾದ ವಿಂಡ್ಸರ್ ನಗರದಲ್ಲಿ ಮೆಕೆಂಜಿ ಹಾಲ್ ಎಂಬ ಹಳೆಯ ಕಲ್ಲಿನ ಕಟ್ಟಡವಿದೆ. 1850ರ ದಶಕದಲ್ಲಿ ನ್ಯಾಯಾಲಯಕ್ಕೆಂದು ಕಟ್ಟಿದ ಅದು ಈಗ ಸಾಂಸ್ಕೃತಿಕ ಕೇಂದ್ರ. ಅದನ್ನು ಕಟ್ಟಿದ ಗುತ್ತಿಗೆದಾರರು ಮುಂದೆ ಆ ದೇಶದ ಎರಡನೆಯ ಪ್ರಧಾನಮಂತ್ರಿಯಾದರು. ಅವರೇ ಅಲೆಕ್ಸಾಂಡರ್ ಮೆಕೆಂಜಿ.

ಮೆಕೆಂಜಿಯವರು 1822ರ ಜನವರಿ 28ರಂದು ಸ್ಕಾಟ್ಲೆಂಡಿನ ಲೋಗಿರೇಟ್ ಹಳ್ಳಿಯಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಮನೆಯ ಕಷ್ಟದಿಂದ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಕಲ್ಲುಕೆಲಸ ಕಲಿತರು. ಶಾಲೆ ಬಿಟ್ಟರೂ ಓದು ಬಿಡಲಿಲ್ಲ. 1842ರಲ್ಲಿ ಕೆನಡಾಕ್ಕೆ ಹೋಗಿ ಉಳಿ ಸುತ್ತಿಗೆ ಹಿಡಿದೇ ಬದುಕು ಕಟ್ಟಿಕೊಂಡರು. ಸಾರ್ನಿಯಾ ಊರಿನಲ್ಲಿ ನೆಲೆಸಿ ಗುತ್ತಿಗೆದಾರರಾದರು, ಪತ್ರಿಕೆಯ ಸಂಪಾದಕರಾದರು, 1861ರಲ್ಲಿ ಶಾಸನಸಭೆಗೆ ಆರಿಸಿಬಂದರು.

1873ರಲ್ಲಿ ರೈಲ್ವೆ ಗುತ್ತಿಗೆಯ ಹಣದ ಹಗರಣದಿಂದ ಹಿಂದಿನ ಸರ್ಕಾರ ಬಿದ್ದಾಗ ಮೆಕೆಂಜಿ ಪ್ರಧಾನಿಯಾದರು. ಲೋಕೋಪಯೋಗಿ ಖಾತೆಯನ್ನೂ ತಾವೇ ಇಟ್ಟುಕೊಂಡರು. ಗುತ್ತಿಗೆ ಕೇಳಿ ಬಂದ ಸ್ವಪಕ್ಷದವರಿಗೂ ಸುಲಭವಾಗಿ ಮಣಿಯಲಿಲ್ಲ. ಕಲ್ಲಿನ ಬೆಲೆ, ಕೂಲಿಯ ಲೆಕ್ಕ ಬಲ್ಲವರನ್ನು ಮೋಸಗೊಳಿಸುವುದು ಸುಲಭವೇ? 1874ರಲ್ಲಿ ಗುಪ್ತ ಮತದಾನ, 1875ರಲ್ಲಿ ಸುಪ್ರೀಂ ಕೋರ್ಟ್, 1878ರಲ್ಲಿ ಸರ್ಕಾರದ ಲೆಕ್ಕ ನೋಡಲು ಮಹಾಲೆಕ್ಕಪರಿಶೋಧಕರ ಹುದ್ದೆ ಅವರ ಕಾಲದಲ್ಲೇ ಬಂದವು.

ಆರ್ಥಿಕ ಮುಗ್ಗಟ್ಟಿನ ನಡುವೆ 1878ರ ಚುನಾವಣೆಯಲ್ಲಿ ಸೋತರು. ಮೂರು ಬಾರಿ ಬಂದ ಸರ್ ಪದವಿಯನ್ನು ನಿರಾಕರಿಸಿದರು. 1892ರ ಏಪ್ರಿಲ್ 17ರಂದು ಟೊರಾಂಟೊದಲ್ಲಿ ನಿಧನರಾದರು. ಸಾರ್ನಿಯಾದಲ್ಲಿ ಅವರ ಸಮಾಧಿಯಿದೆ.

ದುಡಿಯುವ ಮನೆಗಳಿಂದ ಬರುವ ನಮ್ಮ ಶಾಲೆಯ ಮಕ್ಕಳು ಈ ಬದುಕನ್ನು ಅರಿಯಬೇಕು. ಕೈಕೆಲಸ ಯಾರನ್ನೂ ಚಿಕ್ಕವರನ್ನಾಗಿ ಮಾಡುವುದಿಲ್ಲ.